ಮೊದಲ ಕ್ರಯಕ್ಕೆ ಒಪ್ಪದ ಬೇಬಿ

ಉಡುಪಿಯಿಂದ ಕಾರ್ಕಳದವರೆಗೆ ನನ್ನ ಮಾತಿಗೆ ನಗದ ಮನುಷ್ಯ ಇನ್ನೂ ಹುಟ್ಟಿಲ್ಲ. ಇದು ಜಂಬ ಅಲ್ಲ, ಮೂವತ್ತೊಂದು ವರ್ಷ ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನ ಅನುಭವ. ಕಾಪುವಿನಲ್ಲಿ ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಹತ್ತಿದವರು ಶಿರ್ವ ಮುಟ್ಟುವ ಹೊತ್ತಿಗೆ ಬಾಯಿ ತೆರೆದು ನಗುತ್ತಿದ್ದರು. ನನ್ನ ದೆಸೆಯಿಂದ ಬೆಳ್ಮಣ್ಣಿನಲ್ಲಿ ಹಲ್ಲಿನ ಡಾಕ್ಟರೊಬ್ಬರು ಬಾಗಿಲು ಮುಚ್ಚಿ ಹೋದರು ಎಂದು ಹೇಳುವವರು ಉಂಟು. ಹೇಳುವವನು ನಾನೇ. ಕಾರ್ಕಳದ ಗುಡ್ಡದ ಮೇಲಿನ ಗೊಮ್ಮಟನ ತುಟಿಯಲ್ಲಿರುವ ಆ ಸಣ್ಣ ನಗುವನ್ನು ಮಾತ್ರ ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಅದು ನಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು.

ಅಂಥ ನನ್ನ ಬಾಯಿಯನ್ನು ದಿನಕ್ಕೊಂದು ಸಲ ಮುಚ್ಚಿಸುತ್ತಿದ್ದವಳು ಕಾಪುವಿನ ಮೀನು ಮಾರುವ ಬೇಬಿ.

ಬೇಬಿಯ ಮಗಳು ಹರ್ಷಿಣಿಗೆ ನಾಲ್ಕು ವರ್ಷವಾಗಿದ್ದಾಗ ಗಂಡ ಜ್ವರದಲ್ಲಿ ಹೋದ. ಹದಿನೈದು ದಿನ ಅತ್ತಳಂತೆ. ಹದಿನಾರನೆಯ ದಿನ ಬುಟ್ಟಿ ಹಿಡಿದು ಕಡಲ ದಡಕ್ಕೆ ನಡೆದಳು. ಅಲ್ಲಿಂದ ಮುಂದೆ, ದೋಣಿ ಬಂದ ದಿನವೆಲ್ಲ ಅವಳು ನನ್ನ ಏಳೂ ಹತ್ತರ ಬಸ್ಸಿನಲ್ಲಿ. ಗಟ್ಟಿ ಮೈ, ಗಟ್ಟಿ ಗಂಟಲು. ಅವಳು ಕಾಪುವಿನಲ್ಲಿ ನಿಂತು "ಬಂಗುಡೇ" ಎಂದು ಒಮ್ಮೆ ಕೂಗಿದರೆ ಕಾರ್ಕಳದಲ್ಲಿ ಹೆಂಗಸರು ಮಸಾಲೆ ಅರೆಯಲು ಶುರುಮಾಡುತ್ತಿದ್ದರು. ಹಿಂದಿನ ಸೀಟಿನ ಕೆಳಗೆ ಬುಟ್ಟಿ ತಳ್ಳಿ, ಸೆರಗಿನಿಂದ ಮುಖ ಒರಸಿ, ನನ್ನ ಕಡೆ ನೋಡುವಳು. ಬಾ, ಇವತ್ತಿನದ್ದು ಶುರುಮಾಡು ಎಂದು ಕರೆಯುವ ಹಾಗೆ.

"ಬೇಬೀ, ನಿನ್ನ ಬುಟ್ಟಿಯ ನೀರು ಸೋರಿ ಸೋರಿ ಬಸ್ಸಿನೊಳಗೆ ಬಂಗುಡೆ ಮರಿ ಹಾಕಿದೆ ಮಾರಾಯ್ತಿ!"

"ಹಾಕಲಿ ಬಿಡಿ ಕಂಡಕ್ಟ್ರೆ. ನಿಮ್ಮ ಬಸ್ಸಿನಲ್ಲಿ ಅವಕ್ಕಾದರೂ ಕೂತುಕೊಳ್ಳಲಿಕ್ಕೆ ಜಾಗ ಸಿಕ್ಕಿತಲ್ಲ."

ಇಡೀ ಬಸ್ಸು ನಗುವುದು. ನನ್ನ ಮಾತಿಗಲ್ಲ, ಅವಳದಕ್ಕೆ. ನಾನು ಸೋಲೊಪ್ಪದೆ ಇನ್ನೊಂದು ಎಸೆಯುವುದು.

"ಎಂತ, ಇವತ್ತಿನ ಮೀನು ನಿನ್ನಷ್ಟೇ ಹಳತಾ?"

"ನನ್ನಷ್ಟು ಹಳತಾದರೆ ಅದಕ್ಕೂ ಬುದ್ಧಿ ಬರ್ತಿತ್ತು. ನಿಮ್ಮ ಬಸ್ಸು ಹತ್ತುತ್ತಿರಲಿಲ್ಲ."

ಮೂವತ್ತೊಂದು ವರ್ಷ ಇದೇ. ನಾನು ಒಂದು ದಿನವೂ ಗೆದ್ದಿಲ್ಲ. ರಜೆಯ ದಿನ ಮನೆಯಲ್ಲಿ ಕೂತು ಅವಳಿಗೆ ಎಸೆಯಬೇಕಾದ ಮಾತನ್ನು ಕಟ್ಟುತ್ತಿದ್ದೆ. ಅವಳು ಅದಕ್ಕೆ ಉತ್ತರವನ್ನು ಟಿಕೇಟು ಹರಿಯುವಷ್ಟು ಹೊತ್ತಿನಲ್ಲಿ ಕೊಡುತ್ತಿದ್ದಳು.

ಅವಳ ವ್ಯಾಪಾರವನ್ನೂ ಹೇಳಲೇಬೇಕು. ನಮ್ಮ ಕಡೆ ಚೌಕಾಸಿಗೆ ಚರ್ಚೆ ಎನ್ನುತ್ತೇವೆ. ಮೀನು ಮಾರುವವಳು ಗಿರಾಕಿ ಕೇಳಿದ ಮೊದಲ ಕ್ರಯಕ್ಕೆ ಒಪ್ಪಬಾರದು. ಒಪ್ಪಿದರೆ ಮೀನು ನಿನ್ನೆಯದ್ದು ಎಂದು ಅವಳೇ ಸಾರಿದ ಹಾಗೆ. ಹಾಗಾಗಿ ಗಿರಾಕಿ ಅರ್ಧಕ್ಕೆ ಕೇಳಿದ ಕೂಡಲೇ ಬೇಬಿ ಮುಖವನ್ನು ಪಕ್ಕಕ್ಕೆ ತಿರುಗಿಸುವಳು. ಆ ಮಾತು ಯಾವುದೋ ನಾಯಿ ಬೊಗಳಿದ್ದು ಎಂಬಂತೆ. ಎರಡನೆಯ ಸಲ ಕೇಳಿದರೆ ಒದ್ದೆ ಗೋಣಿಯನ್ನು ಮೀನಿನ ಮೇಲೆ ಎಳೆಯುವಳು. ಮೂರನೆಯ ಸಲಕ್ಕೆ ಬುಟ್ಟಿ ತಲೆಗೆ ಏರುವುದು. ಆಮೇಲೆ ಗೇಟಿನ ಕಡೆ ಏಳು ಹೆಜ್ಜೆ. ಎಂಟನೆಯ ಹೆಜ್ಜೆಗೆ ಗಿರಾಕಿ "ಬನ್ನಿ ಬನ್ನಿ" ಎಂದು ಕರೆಯದ ಮನೆ ಆ ದಾರಿಯಲ್ಲಿ ಇರಲಿಲ್ಲ. ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು ಹಾಸ್ಟೆಲಿನ ಅಡುಗೆಯ ಬ್ರಯಾನ್ ಒಬ್ಬ ಹಟಮಾರಿ. ಅವನ ಜೊತೆ ಚರ್ಚೆ ಎಷ್ಟು ಹೊತ್ತು ನಡೆಯುತ್ತಿತ್ತೆಂದರೆ, ಶುರುವಾಗುವಾಗ ಮೊದಲ ವರ್ಷದಲ್ಲಿದ್ದ ಹುಡುಗರು ಮುಗಿಯುವಾಗ ಇಂಜಿನಿಯರ್ ಆಗಿ ಹೊರಬರುತ್ತಿದ್ದರು. ಕೊನೆಗೆ ಕ್ರಯ ಕುದುರಿದ ಮೇಲೆ ಬೇಬಿ ಒಂದು ಮೀನನ್ನು ಕೊಸರು ಎಂದು ಮೇಲಿಂದ ಹಾಕುವಳು. ಗೆದ್ದವರ ಧಾರಾಳ ಅದು.

ನಾನು ನಿವೃತ್ತನಾಗಿ ಏಳು ವರ್ಷವಾದ ಮೇಲೆ, ಹೋದ ಡಿಸೆಂಬರಿನಲ್ಲಿ, ಕಾರ್ಕಳದ ಸರಸ ಟೀಚರ ಅಂಗಳದಲ್ಲಿ ಬೇಬಿಗೆ ಸ್ಟ್ರೋಕ್ ಆಯಿತು. ಸರಸ ಟೀಚರು ಇಪ್ಪತ್ತೈದು ವರ್ಷದ ಗಿರಾಕಿ. ಚರ್ಚೆ ಮೂರನೆಯ ಹಂತಕ್ಕೆ ಬಂದಿತ್ತು. ಬುಟ್ಟಿ ಎತ್ತಲು ಬೇಬಿ ಬಗ್ಗಿದಳು. ಬಲಗೈ ಬಂತು, ಎಡಗೈ ಬರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತು. ಟೀಚರು ಒಂದು ನಿಮಿಷ ಹಾಳುಮಾಡಲಿಲ್ಲ. ಪಕ್ಕದ ಮನೆಯ ಕಾರಿಗೆ ಹಾಕಿಕೊಂಡು ನೇರ ಮಣಿಪಾಲಕ್ಕೆ ಹಾರಿಸಿದರು. ಆಸ್ಪತ್ರೆಯವರು ಜೀವ ಉಳಿಸಿದರು. ತಿಂಗಳೊಳಗೆ ಎಡಗಾಲು ಕೋಲಿನ ಸಹಾಯಕ್ಕೆ ಒಪ್ಪಿತು. ಬಾಯಿ ನೆಟ್ಟಗಾಯಿತು. ಮಾತು ಸ್ವಲ್ಪ ದಪ್ಪ, ಆದರೆ ಸ್ಪಷ್ಟ.

ಆದರೆ ಅವಳು ಮಾತಾಡುವುದನ್ನೇ ಬಿಟ್ಟಳು.

ಇದಕ್ಕೆ ಉತ್ಪ್ರೇಕ್ಷೆ ಬೇಕಾಗಿಲ್ಲ. ಕಾಪುವಿನ ಅವಳ ಮನೆಗೆ ಹೋದರೆ ಗೋಡೆಗೆ ಮುಖಮಾಡಿ ಕೂತಿರುವಳು. ಎರಡು ಚಮಚ ಗಂಜಿ. ಹೂಂ ಇಲ್ಲ, ಊಹೂಂ ಇಲ್ಲ. ಎಡಗೈ ಮಡಿಲಲ್ಲಿ ಮುದುಡಿಕೊಂಡು, ಬೇರೆ ಯಾರೋ ಇಟ್ಟುಹೋದ ಕಟ್ಟಿನ ಹಾಗೆ ಬಿದ್ದಿರುವುದು. ಆ ಕೈಗೆ ದಿನಕ್ಕೆ ಮೂರು ಸಲ ವ್ಯಾಯಾಮ ಹೇಳಿದ್ದರು. ಒಂದು ಸಲವೂ ಮಾಡಳು. ಉಡುಪಿಯ ಬನ್ನಂಜೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹರ್ಷಿಣಿ ಅದಕ್ಕೆ ಬೀಗ ಹಾಕಿ ಅಮ್ಮನ ಪಕ್ಕ ಕೂತಳು.

"ಸೊಕ್ಕು ಅದು, ಮೊದಲಿಂದಲೂ ಹಾಗೇ," ಎಂದರು ಒಬ್ಬರು ನೆರೆಯವರು.

ಡಾಕ್ಟರು ಮಾತ್ರ ಹರ್ಷಿಣಿಯನ್ನು ಕೂರಿಸಿ ಬಿಡಿಸಿ ಹೇಳಿದರು. "ಇದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲಮ್ಮ. ಸ್ಟ್ರೋಕ್ ಆದವರಲ್ಲಿ ತುಂಬ ಜನರಿಗೆ ಖಿನ್ನತೆ ಬರ್ತದೆ. ಪೆಟ್ಟು ಬಿದ್ದದ್ದು ಮಿದುಳಿಗೆ ಅಲ್ವಾ? ಮಾತ್ರೆ ಕೊಡ್ತೇನೆ. ಆದರೆ ಕೈಗೆ ಈ ಮೊದಲ ತಿಂಗಳುಗಳು ಮುಖ್ಯ. ಮನಸ್ಸು ಏಳದಿದ್ದರೆ ಕೈ ಏಳುವುದಿಲ್ಲ."

ಮೂರು ತಿಂಗಳು ಆಗಲೇ ಕಳೆದಿತ್ತು.

ನಾನು ಇದ್ದೇನಲ್ಲ ಎಂದುಕೊಂಡೆ. ಹನ್ನೊಂದು ದಿನ ಬಿಡದೆ ಹೋದೆ. ನನ್ನ ಉಗ್ರಾಣದಲ್ಲಿದ್ದ ಜೋಕುಗಳನ್ನೆಲ್ಲ ಸುರಿದೆ. ಪಕ್ಕದ ಮನೆಯ ಆಡು ನಕ್ಕಿತು. ಬೇಬಿ ನಗಲಿಲ್ಲ. ಹನ್ನೊಂದನೆಯ ದಿನ, "ನಿನ್ನ ಮೀನಿನ ವಾಸನೆ ಇಲ್ಲದೆ ಬಸ್ಸಿನ ಜನ ದಾರಿ ತಪ್ಪುತ್ತಿದ್ದಾರೆ ಬೇಬಿ" ಎಂದೆ. ಎಂಥ ಅವಕಾಶ! ಹಳೆಯ ಬೇಬಿಯಾಗಿದ್ದರೆ ಇದಕ್ಕೆ ನನ್ನನ್ನು ಉಪ್ಪು ಹಾಕಿ ಒಣಗಿಸುತ್ತಿದ್ದಳು. ಅವಳು ಕಣ್ಣು ಮುಚ್ಚಿಕೊಂಡಳು.

ಹೊರಗೆ ಬಂದ ಹರ್ಷಿಣಿ ಹೇಳಿದಳು, "ಅಣ್ಣು ಮಾಮ, ಮಣಿಪಾಲದಲ್ಲಿ ಬಯೋಫೀಡ್‌ಬ್ಯಾಕ್ ಅಂತ ಒಂದು ಉಂಟಂತೆ. ಡಾಕ್ಟ್ರು ಬರೆದುಕೊಟ್ಟಿದ್ದಾರೆ. ನೀವು ಜೊತೆಗೆ ಬರ್ತೀರಾ? ಅಮ್ಮನನ್ನು ಬಸ್ಸಿಗೆ ಹತ್ತಿಸ್ಲಿಕ್ಕೆ ನನ್ನೊಬ್ಬಳಿಂದ ಆಗುವುದಿಲ್ಲ."

ಬಸ್ಸಿಗೆ ಹತ್ತಿಸುವುದೆಂದರೆ ನನ್ನ ಕುಲಕಸುಬು. ಹೊರಟೆವು.

ಆ ಕೋಣೆಯಲ್ಲಿ ಒಂದು ಒರಗುವ ಕುರ್ಚಿ, ಒಂದು ಪರದೆ, ಒಂದಿಷ್ಟು ತಂತಿ. ಚಿಕಿತ್ಸೆ ಕೊಡುವವಳು ಸ್ಯಾಂಡ್ರಾ, ಶಿರ್ವದ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಬೇಬಿಯ ಹಣೆಗೆ, ಭುಜಕ್ಕೆ ಸಣ್ಣ ಬಿಲ್ಲೆಗಳನ್ನು ಅಂಟಿಸಿದಳು. ಬೆರಳಿಗೆ ಒಂದು ಕ್ಲಿಪ್ಪು.

"ಕರೆಂಟು ಹೊಡೀತದಾ?" ನಾನು ಕೇಳಿದೆ.

"ಇಲ್ಲ ಅಂಕಲ್. ಇದು ಏನೂ ಕೊಡುವುದಿಲ್ಲ, ತೋರಿಸ್ತದೆ ಅಷ್ಟೆ. ಮೈ ಒಳಗೆ ಎಷ್ಟು ಬಿಗಿ ಉಂಟು, ಉಸಿರು ಹೇಗೆ, ನಾಡಿ ಹೇಗೆ ಅಂತ. ಕನ್ನಡಿ ನೋಡಿ ತಲೆ ಬಾಚಿದ ಹಾಗೆ. ಕಣ್ಣಿಗೆ ಕಂಡರೆ ಸರಿಮಾಡ್ಲಿಕ್ಕೆ ಕಲೀಬಹುದು. ಅದು ತನ್ನ ಕೈಯಲ್ಲಿದೆ ಅಂತ ಗೊತ್ತಾದರೆ ಮನಸ್ಸಿಗೂ ಸ್ವಲ್ಪ ಧೈರ್ಯ ಬರ್ತದೆ."

ಪರದೆಯಲ್ಲಿ ಒಂದು ನೀಲಿ ಗೆರೆ ಓಡತೊಡಗಿತು. ಪಕ್ಕದಲ್ಲಿ ಬಿಗಿತದ ಅಂಕಿ: ನಲವತ್ತೆಂಟು. ಕೆಳಗೆ ಒಂದು ಹಸಿರು ಗೆರೆ: ಇಪ್ಪತ್ತನಾಲ್ಕು. "ನಿಧಾನ ಉಸಿರು ಬಿಟ್ಟು, ಭುಜ ಸಡಿಲ ಮಾಡಿ, ನೀಲಿಯನ್ನು ಹಸಿರಿನ ಹತ್ತಿರ ತರಬೇಕು ಬೇಬಿಯಕ್ಕ," ಎಂದಳು ಸ್ಯಾಂಡ್ರಾ.

ಬೇಬಿ ಪರದೆಯನ್ನು ನೋಡಿದಳು. ಐವತ್ತು. ಐವತ್ತೆರಡು.

ಮೈ ಸಡಿಲ ಮಾಡುವುದಕ್ಕೆ ನಗುವಿಗಿಂತ ಒಳ್ಳೆಯ ಎಣ್ಣೆ ಯಾವುದು? ನಾನು ಕುರ್ಚಿಯ ಹತ್ತಿರ ಬಗ್ಗಿ, ಅರ್ಧ ಕಾರ್ಕಳವನ್ನು ಬಸ್ಸಿನಿಂದ ಉರುಳಿಸಿದ ನನ್ನ ಎಮ್ಮೆ ಮತ್ತು ಇನ್ಸ್‌ಪೆಕ್ಟರನ ಜೋಕನ್ನು ಶುರುಮಾಡಿದೆ. ಎಮ್ಮೆ ಬಸ್ಸು ಹತ್ತುವಾಗ ಅಂಕಿ ಅರವತ್ತು. ಇನ್ಸ್‌ಪೆಕ್ಟರ್ ಬರುವಾಗ ಅರವತ್ತಾರು. ಎಮ್ಮೆ ಟಿಕೇಟು ಕೇಳುವ ಜಾಗಕ್ಕೆ ಬರುವಾಗ ಯಂತ್ರ ಕುಂಯ್ ಎಂದಿತು: ಎಪ್ಪತ್ತೊಂದು!

"ಅಂಕಲ್," ಸ್ಯಾಂಡ್ರಾ ಬಹಳ ಮರ್ಯಾದೆಯಿಂದ ಹೇಳಿದಳು, "ನೀವು ಹೊರಗೆ ಕೂತುಕೊಳ್ಳಬಹುದಾ?"

ಬಾಗಿಲು ಮುಚ್ಚುವ ಮೊದಲೇ ಅಂಕಿ ಐವತ್ತಕ್ಕೆ ಬಂದದ್ದನ್ನು ಈ ಕಣ್ಣಿನಿಂದಲೇ ನೋಡಿದೆ. ಮೂವತ್ತೊಂದು ವರ್ಷದ ಕೀರ್ತಿ! ಜನ ನಗುತ್ತಿದ್ದದ್ದು ಬಸ್ಸಿನಿಂದ ಇಳಿದು ಓಡುವ ದಾರಿ ಇರಲಿಲ್ಲವೆಂದೋ ಏನೋ. ತಂತಿಯೊಂದನ್ನು ಅಂಟಿಸಿ ನೋಡಿದವರು ಮೊದಲು ಯಾರೂ ಇರಲಿಲ್ಲವಲ್ಲ.

ಎರಡನೆಯ ಸಲ, ಮೂರನೆಯ ಸಲ, ನಾಲ್ಕನೆಯ ಸಲ. ನಾನು ಹೊರಗೆ ಬೆಂಚಿನಲ್ಲಿ, ಹರ್ಷಿಣಿ ಒಳಗೆ. ಅಂಕಿ ಇಳಿಯಲೇ ಇಲ್ಲ. ನಾಲ್ಕನೆಯ ದಿನ ಹಿಂದಿರುಗುವ ಬಸ್ಸಿನಲ್ಲಿ ಬೇಬಿ ಮಗಳ ಕೈ ಮುಟ್ಟಿ, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದಳು. ಇನ್ನು ಬರುವುದಿಲ್ಲ ಎಂದು. ಹರ್ಷಿಣಿ ಕಿಟಕಿಯ ಕಡೆ ತಿರುಗಿ ಅತ್ತಳು. ನಾನು ಜೀವಮಾನದಲ್ಲಿ ಮೊದಲ ಸಲ ಕಾಪು ಬರುವವರೆಗೆ ಬಾಯಿ ಮುಚ್ಚಿ ಕೂತೆ.

"ಇನ್ನೊಂದೇ ಒಂದು ಸಲ ಅಮ್ಮ," ಎಂದು ಹರ್ಷಿಣಿ ಕಾಲು ಹಿಡಿಯುವುದೊಂದು ಬಾಕಿ. "ಆಮೇಲೆ ಕೇಳುವುದಿಲ್ಲ."

ಹಾಗೆ ಐದನೆಯ ಸಲ ಹೋದೆವು. ಆ ದಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾನು ಬೆಂಚಿನ ತುದಿಗೆ ಸರಿದು, ಸಂದಿಗೆ ಒಂದು ಕಣ್ಣು, ಒಂದು ಕಿವಿ ಕೊಟ್ಟೆ.

ಸ್ಯಾಂಡ್ರಾ ಹಸಿರು ಗೆರೆಯನ್ನು ತೆಗೆದಳು. ಬೇಬಿಯ ಅಂಕಿ ತಾನಾಗಿ ನಲವತ್ತೇಳಕ್ಕೆ ಬಂತು. ಹಸಿರು ಗೆರೆಯನ್ನು ಹಾಕಿದಳು. ಬೇಬಿ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಐವತ್ತು. ಮತ್ತೆ ತೆಗೆದು ಮತ್ತೆ ಹಾಕಿದಳು. ಈ ಸಲ ಬೇಬಿ ಬಲಗೈಯಿಂದ ಸೆರಗನ್ನು ಮಡಿಲ ಮೇಲೆ, ಆ ಮುದುಡಿದ ಕೈಯ ಮೇಲೆ, ಎಳೆದುಕೊಂಡಳು, ಐವತ್ತೆರಡು. ಸ್ಯಾಂಡ್ರಾ ಆ ಸೆರಗನ್ನೇ ನೋಡಿದಳು. ಇದ್ದಕ್ಕಿದ್ದಂತೆ ಹಣೆಗೆ ಕೈ ಬಡಿದುಕೊಂಡಳು.

"ಬೇಬಿಯಕ್ಕ! ನಮ್ಮ ಅಮ್ಮ ವಿಲ್ಮಾ ಅಂತ. ದಿನಾ ಬೆಳಿಗ್ಗೆ ಗೇಟಿನಲ್ಲಿ ಮೀನಿನವರ ಹತ್ತಿರ ಯುದ್ಧ. ನಾನು ಅದನ್ನು ನೋಡಿಕೊಂಡೇ ಶಾಲೆಗೆ ಹೋದವಳು. ಅಮ್ಮ ಅರ್ಧಕ್ಕೆ ಕೇಳಿದರೆ ಅವರು ಹೀಗೇ ಆಚೆ ನೋಡುವುದು, ಹೀಗೇ ಗೋಣಿ ಎಳೆಯುವುದು. ನೀವು ಇದರ ಹತ್ತಿರ ಚರ್ಚೆ ಮಾಡ್ತಾ ಇದ್ದೀರಿ ಅಲ್ವಾ?"

ಮೂವತ್ತೊಂದು ವರ್ಷ ಆ ಮುಖ ತಿರುಗುವುದನ್ನು ನೋಡಿದವನು ನಾನು. ಗೊತ್ತಾದದ್ದು ಗೇಟಿನಲ್ಲಿ ನಿಂತಿದ್ದ ಶಾಲೆಯ ಹುಡುಗಿಗೆ!

ಬೇಬಿಯ ಕಣ್ಣು ನಿಧಾನವಾಗಿ ಈ ಕಡೆಗೆ ಬಂತು. ತುಟಿ ಅಲುಗಿತು. ತುಕ್ಕು ಹಿಡಿದ ಬೀಗ ತೆರೆದ ಹಾಗೆ, ಮೂರು ತಿಂಗಳ ಮೇಲೆ, ಒಂದು ಪೂರ್ತಿ ವಾಕ್ಯ ಹೊರಗೆ ಬಂತು.

"ನಲವತ್ತೆಂಟರ ಮಾಲನ್ನು ಇಪ್ಪತ್ತನಾಲ್ಕಕ್ಕೆ ಕೇಳಿದರೆ ಯಾರು ಕೊಡ್ತಾರೆ?"

ನಾನು ಬೆಂಚಿನಿಂದ ಎದ್ದದ್ದು ಎಷ್ಟು ಎತ್ತರಕ್ಕೆಂದರೆ, ಮೇಲಿನ ಮಹಡಿಯವರು ಕೆಳಗೆ ಏನಾಯಿತೆಂದು ವಿಚಾರಿಸಿದರು. ಹರ್ಷಿಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಸ್ಯಾಂಡ್ರಾ ಮಾತ್ರ ಅಲುಗಾಡಲಿಲ್ಲ. ಸೊಂಟಕ್ಕೆ ಕೈ ಇಟ್ಟಳು, ವಿಲ್ಮಾಳ ಮಗಳಲ್ಲವೇ!

"ಹಾಗಾದರೆ ನೀವೇ ಹೇಳಿ. ಎಷ್ಟಕ್ಕೆ ಕೊಡ್ತೀರಿ?"

"ನಲವತ್ತೈದು."

"ನಲವತ್ತೈದಾ? ಅದೆಂತ ಕೊಟ್ಟ ಹಾಗೆ? ನಲವತ್ತು ಮಾಡಿ."

"ಆಗ್ಲಿಕ್ಕಿಲ್ಲ. ಗಿಟ್ಟುವುದಿಲ್ಲ ನನಗೆ."

"ಹೋಗಲಿ, ನಲವತ್ತೆರಡು."

"ನಲವತ್ತಮೂರು. ಮತ್ತೆ ಮಾತಿಲ್ಲ."

"ಆಯ್ತು, ಕೊಡಿ!" ಎಂದು ಸ್ಯಾಂಡ್ರಾ ಹಸಿರು ಗೆರೆಯನ್ನು ನಲವತ್ತಮೂರಕ್ಕೆ ಏರಿಸಿದಳು.

ಬೇಬಿ ಬೆನ್ನು ನೆಟ್ಟಗೆ ಮಾಡಿದಳು. ಮೂಗಿನಿಂದ ಒಂದು ಉಸಿರು ತೆಗೆದುಕೊಂಡಳು. ಕಾಪುವಿನಲ್ಲಿ ನಿಂತು ಕಾರ್ಕಳಕ್ಕೆ ಕೇಳಿಸುತ್ತಿದ್ದ ಎದೆ ಅದು; ಆ ಉಸಿರು ಹೊರಗೆ ಹೋಗಲು ಹೊರಟಿತು, ಹೋಗುತ್ತಲೇ ಇತ್ತು. ಐವತ್ತು. ನಲವತ್ತೆಂಟು. ನನ್ನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ಮುದುಕರು "ಎಂತ ಆಗ್ತಾ ಉಂಟು?" ಎಂದು ಕೇಳಿದರು. ನಾನು ಕಂಬಳದ ಕೋಣಗಳ ಓಟಕ್ಕೆ ಮೈಕು ಹಿಡಿದವನ ಹಾಗೆ ಶುರುಮಾಡಿದೆ: ನಲವತ್ತೇಳು! ನಲವತ್ತಾರು, ನಿಂತಿತು, ಇಲ್ಲ, ಮತ್ತೆ ಇಳಿಯಿತು, ನಲವತ್ತೈದು! ಮುದುಕರು ಮುಂದಕ್ಕೆ ಬಗ್ಗಿದರು. ಅವರ ಹೆಂಡತಿ ಬಗ್ಗಿದರು. ಕಸ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿದರು. ನಲವತ್ತನಾಲ್ಕು! ಒಳಗೆ ಹರ್ಷಿಣಿ ಉಸಿರೇ ಬಿಡುತ್ತಿಲ್ಲ. ಬೇಬಿ ಅವಳ ಪಾಲಿನದ್ದನ್ನೂ ಬಿಡುತ್ತಿದ್ದಾಳೆ. ನಲವತ್ತಮೂರು! ಟಿಣ್ ಎಂದಿತು ಯಂತ್ರ. ಕಾರಿಡಾರಿನಲ್ಲಿ ಚಪ್ಪಾಳೆ!

"ಈಗ ನಲವತ್ತು ಮಾಡುವಾ?" ಸ್ಯಾಂಡ್ರಾ ಆಸೆಯಿಂದ ಕೇಳಿದಳು.

ಬೇಬಿ ಕ್ಲಿಪ್ಪನ್ನು ಬೆರಳಿನಿಂದ ಅಲ್ಲಾಡಿಸಿ ಕಳಚಿದಳು.

"ಇವತ್ತಿನದ್ದು ಆಯ್ತು. ನಾಳೆ ನೋಡುವ."

ನಾಳೆ! ಇನ್ನು ಬರುವುದಿಲ್ಲ ಎಂದು ತಲೆ ಆಡಿಸಿದ್ದವಳ ಬಾಯಿಂದ ನಾಳೆ!

ಅಲ್ಲಿಂದ ಐದು ವಾರ ಆ ಕೋಣೆಯಲ್ಲಿ ನಡೆದದ್ದು ಚಿಕಿತ್ಸೆಯೋ ಮೀನಿನ ಸಂತೆಯೋ ಎಂದು ಆಸ್ಪತ್ರೆಯವರಿಗೇ ಅನುಮಾನ. ನಲವತ್ತು. ಮೂವತ್ತೇಳು. ಮೂವತ್ತಮೂರಕ್ಕೆ ಎರಡು ದಿನ ಜಗಳ. ಒಂದು ದಿನ ಬೇಬಿ ಕುರ್ಚಿಯಿಂದ ಎದ್ದು ಕೋಲೂರಿ ಬಾಗಿಲಿನ ಕಡೆ ಏಳು ಹೆಜ್ಜೆ ನಡೆದೂ ಬಿಟ್ಟಳು; ಸ್ಯಾಂಡ್ರಾ ಎಂಟನೆಯದಕ್ಕೆ ಕರೆದಳು. ಕರೆದದ್ದು ಚರ್ಚೆಗೆ ಸೋತು. ಒಳಗಿಂದೊಳಗೆ ಅವಳು ಹೆಜ್ಜೆ ಎಣಿಸಿ ಕುಣಿಯುತ್ತಿದ್ದಳು. ಹರ್ಷಿಣಿ ಮನೆಯಲ್ಲಿ ಇದನ್ನೇ ಕಲಿತಳು. "ಅಮ್ಮ, ಇಪ್ಪತ್ತು ಸಲ ಕೈ ಮಡಚು" ಎಂದರೆ ಗೋಡೆಗೆ ತಿರುಗುತ್ತಿದ್ದವಳು, "ಐವತ್ತು ಸಲ" ಎಂದರೆ "ಹದಿನೈದು" ಎನ್ನುವಳು, ಇಪ್ಪತ್ತೈದಕ್ಕೆ ಕುದುರುವುದು.

ಯಂತ್ರವೇ ಎಲ್ಲ ಮಾಡಿತು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಾಗ ಸ್ಯಾಂಡ್ರಾ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಹಾಗೆ ಹೇಳಬೇಡಿ ಅಂಕಲ್. ಮಾತ್ರೆಯೂ ಉಂಟು, ವ್ಯಾಯಾಮವೂ ಉಂಟು, ಹರ್ಷಿಣಿಯೂ ಉಂಟು. ಇದು ಒಂದು ದಾರಿ ಅಷ್ಟೆ. ಎಲ್ಲರಿಗೂ ಹೀಗೇ ಆಗಬೇಕು ಅಂತ ಇಲ್ಲ." ನಿಜ. ನಡುವೆ ಕೆಟ್ಟ ದಿನಗಳೂ ಬಂದವು. ಒಂದು ಗುರುವಾರ ಬೇಬಿ ಹಾಸಿಗೆ ಬಿಟ್ಟು ಏಳಲಿಲ್ಲ, ಶುಕ್ರವಾರವೂ ಇಲ್ಲ. ಶನಿವಾರ ಎದ್ದು, "ಆ ಶಿರ್ವದ ಹುಡುಗಿ ಕಾಯ್ತಾ ಇರ್ತಾಳೆ" ಎಂದು ಸೀರೆ ಕೇಳಿದಳು.

ಆರನೆಯ ವಾರ ಇಪ್ಪತ್ತನಾಲ್ಕು ಕುದುರಿತು. ಟಿಣ್ ಎಂದ ಮೇಲೂ ಬೇಬಿ ನಿಲ್ಲಿಸಲಿಲ್ಲ. ಉಸಿರನ್ನು ಇನ್ನೂ ಸ್ವಲ್ಪ ಬಿಟ್ಟಳು. ಇಪ್ಪತ್ತಮೂರು.

"ಕೊಸರು," ಎಂದಳು.

ಅದೇ ದಿನ ಸ್ಯಾಂಡ್ರಾ ಬಿಲ್ಲೆಗಳನ್ನು ಹಣೆಯಿಂದ ತೆಗೆದು ಎಡಗೈಯ ಮೇಲೆ, ಮೊಣಕೈಯ ಕೆಳಗೆ ಅಂಟಿಸಿದಳು. ಪರದೆಯಲ್ಲಿ ಹೊಸ ಗೆರೆ. ಅಂಕಿ ಆರು. "ಈಗ ಬೇರೆ ಆಟ ಬೇಬಿಯಕ್ಕ. ಈ ಸ್ನಾಯು ಮಲಗಿದೆ. ಬೆರಳು ಬಿಡಿಸ್ಲಿಕ್ಕೆ ಮನಸ್ಸು ಮಾಡಿ. ಕೈ ಅಲುಗದಿದ್ದರೂ ಪರವಾಗಿಲ್ಲ, ಒಳಗೆ ಸ್ವಲ್ಪ ಆದರೂ ಇದರಲ್ಲಿ ಕಾಣ್ತದೆ. ಇದನ್ನು ಇಳಿಸಬಾರದು. ಏರಿಸಬೇಕು."

ಬೇಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ವರ್ಷದಲ್ಲಿ ಏರಿಸಿ ಅಂತ ಕೇಳಿದ ಗಿರಾಕಿ ನೀನೊಬ್ಬಳೇ ಮಗಾ."

ಏಳು. ಒಂಬತ್ತು. ಹಣೆಯ ಮೇಲೆ ಬೆವರು. ಕೈ ಅಲುಗಲಿಲ್ಲ, ಆದರೆ ಗೆರೆ ಅಲುಗಿತು! ಬೇಬಿ ಅದನ್ನು ನೋಡಿದಳು. ಸತ್ತಿದೆ ಎಂದು ತಾನೇ ತೀರ್ಮಾನಿಸಿ ಗೋಣಿ ಎಳೆದಿದ್ದ ಕೈ, ಒಳಗೆ ಬಾಲ ಬಡಿಯುತ್ತಿರುವುದನ್ನು ನೋಡಿದಳು. ಹನ್ನೆರಡು. ಹದಿನೈದು. ನಾಲ್ಕು ದಿನದ ನಂತರ, ಇಪ್ಪತ್ತರ ಹತ್ತಿರ, ತೋರುಬೆರಳು ಅಂಗೈಯಿಂದ ಎದ್ದಿತು. ಬರೀ ಒಂದು ಅಕ್ಕಿಕಾಳಿನಷ್ಟು. ನಾನು ಹೇಳುತ್ತಿದ್ದೇನೆಂದು ನೀವು ಒಂದು ಮೊಳ ಎಂದುಕೊಳ್ಳುವುದು ಬೇಡ. ಇದರಲ್ಲಿ ಮಾತ್ರ ನಾನು ಒಂದು ಕೂದಲೂ ಸೇರಿಸಿಲ್ಲ. ಅಕ್ಕಿಕಾಳಿನಷ್ಟು. ಹರ್ಷಿಣಿ ಆ ಬೆರಳನ್ನು ಹಿಡಿದುಕೊಂಡು ಅತ್ತದ್ದನ್ನು ನೋಡಲಾಗದೆ ನಾನು ಹೊರಗೆ ಹೋಗಿ ಗಾಲಿಕುರ್ಚಿಯ ಮುದುಕರಿಗೆ ಎಮ್ಮೆಯ ಜೋಕು ಹೇಳಿದೆ. ಅವರು ನಿದ್ದೆ ಹೋದರು.

ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿದವು. ಸೆಪ್ಟೆಂಬರಿನ ಒಂದು ಸೋಮವಾರ ಬೇಬಿ ಹೇಳಿದಳು, "ಕಂಡಕ್ಟ್ರೆ, ನಾಳೆ ಕಾರ್ಕಳಕ್ಕೆ ಹೋಗುವ. ಬುಟ್ಟಿ ನೀವು ಹೊರಬೇಕು."

ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಇನ್ನೂ ಅರ್ಧ. ಬುಟ್ಟಿ ಬೇರೆ ಯಾರು ಹೊರುತ್ತಾರೆ? ಸಣ್ಣ ಬುಟ್ಟಿ, ಮೂವತ್ತು ಬಂಗುಡೆ. ನಾನು ಹೊತ್ತೆ. ಬೆಳಿಗ್ಗೆ ಎಂಟಕ್ಕೆ ನಿಟ್ಟೆಯಲ್ಲಿ ಇಳಿಯುವಾಗಲೇ ಮೀನಿನ ನೀರು ನನ್ನ ಅಂಗಿಯ ಕಾಲರಿನಿಂದ ಹೊರಟು ಬೆಲ್ಟು ದಾಟಿತ್ತು. ಬೇಬಿ ಹೊಸ ಮದುಮಗಳ ಹಾಗೆ ಉತ್ಸಾಹದಲ್ಲಿ ಮುಂದೆ.

ಬ್ರಯಾನ್ ಅಡುಗೆಮನೆಯಿಂದ ಓಡಿ ಬಂದ. ಬೇಬಿ ಕ್ರಯ ಹೇಳಿದಳು. ಆ ಹಟಮಾರಿ ಬ್ರಯಾನ್ ಕಣ್ಣು ಒರಸಿಕೊಂಡು, "ಆಯ್ತು ಅಕ್ಕ, ನೀವು ಹೇಳಿದಷ್ಟೇ. ನೀವು ಬಂದದ್ದೇ ದೊಡ್ಡದು" ಎಂದು ಹತ್ತು ಮೀನು ತೆಗೆದುಕೊಂಡ. ಬೇಬಿ ಕೊಸರು ಹಾಕದೆ ಹೊರಟಳು. ಕಾರ್ಕಳದ ಮೊದಲ ಮನೆಯಲ್ಲೂ ಹಾಗೇ. ಎರಡನೆಯ ಮನೆಯಲ್ಲೂ ಹಾಗೇ. ಮೇಲಿಂದ ಅವಳ ಎಡಗೈಯನ್ನು ನೋಡಿ ಒಂದು "ಪಾಪ".

ವ್ಯಾಪಾರ ಇಷ್ಟು ಸಲೀಸು ಆದದ್ದು ಅವಳ ಜನ್ಮದಲ್ಲಿ ಇಲ್ಲ. ಆದರೆ ದಾರಿಯಲ್ಲಿ ಬೇಬಿಯ ಹೆಜ್ಜೆ ನಿಧಾನವಾಯಿತು. ನಾನು ಒಂದು ಮಾತು ಎಸೆದೆ, ಉತ್ತರ ಬರಲಿಲ್ಲ. ಇನ್ನೊಂದು ಎಸೆದೆ, ಇಲ್ಲ. ಪಕ್ಕದಿಂದ ನೋಡಿದೆ. ಆ ಮುಖ ನನಗೆ ಗೊತ್ತು. ಮೂರು ತಿಂಗಳು ಗೋಡೆಯನ್ನು ನೋಡುತ್ತಿದ್ದ ಮುಖ. ಆಗ ಯಾರಾದರೂ ನನಗೆ ಯಂತ್ರ ಅಂಟಿಸಿದ್ದರೆ ಅದು ಸಿಡಿದು ಹೋಗುತ್ತಿತ್ತು.

ಉಳಿದದ್ದು ಸರಸ ಟೀಚರ ಮನೆ. ಅದೇ ಅಂಗಳ. ಟೀಚರು ಮೆಟ್ಟಿಲಿನಿಂದ ಇಳಿದು ಬಂದು ಬೇಬಿಯ ಎರಡೂ ಕೈ ಹಿಡಿದುಕೊಂಡರು. ಕುರ್ಚಿ ತರಿಸಿದರು, ಕಾಫಿ ತರಿಸಿದರು. ಬೇಬಿ ಕಾಫಿ ಮುಟ್ಟಲಿಲ್ಲ. ಗೋಣಿ ಸರಿಸಿ ಕ್ರಯ ಹೇಳಿದಳು. ನಾನು ಬೆಚ್ಚಿದೆ! ಬ್ರಯಾನನಿಗೆ ಹೇಳಿದ್ದರ ಎರಡರಷ್ಟು. ಆ ಕ್ರಯಕ್ಕೆ ಬಂಗುಡೆಯಲ್ಲ, ಬಂಗುಡೆ ಹಿಡಿದ ದೋಣಿ ಬರಬೇಕು. ಹೇಳಿದವಳು ಟೀಚರ ಮುಖವನ್ನೇ ನೋಡುತ್ತ ಕೂತಳು, ಕೆಣಕುವ ಹಾಗೆ, ಬೇಡುವ ಹಾಗೆ.

ಟೀಚರು ಪರ್ಸಿಗೆ ಕೈ ಹಾಕಿದರು. "ಆಗಲಿ ಬೇಬಿ. ಎಲ್ಲವನ್ನೂ ಕೊಡು. ಇಷ್ಟು ಕಷ್ಟದಿಂದ ಎದ್ದು ಬಂದಿದ್ದೀ, ನಿನ್ನ ಹತ್ತಿರ ಎಂತ ಚರ್ಚೆ ಮಾಡುವುದು?"

"ಒಳ್ಳೆಯದೇ ಆಯ್ತಲ್ಲ ಮಾರಾಯ್ತಿ," ನಾನು ಬೇಗಬೇಗ ಪಿಸುಗುಟ್ಟಿದೆ, "ಕೊಟ್ಟುಬಿಡು, ಹೊರಡುವ."

ಬೇಬಿ ಬಗ್ಗಿದಳು. ಗೋಣಿಯ ಒಂದು ತುದಿಯನ್ನು ಬಲಗೈಯಲ್ಲಿ ಹಿಡಿದಳು. ಇನ್ನೊಂದು ತುದಿಗೆ ಎಡಗೈ ಹೋಯಿತು. ಬೆರಳುಗಳು ಒಂದೊಂದಾಗಿ, ನಡುಗುತ್ತ, ಗೋಣಿಯನ್ನು ಹಿಡಿದವು. ಸಾವಕಾಶವಾಗಿ ಅದನ್ನು ಮೀನಿನ ಮೇಲೆ ಎಳೆದು ಮುಚ್ಚಿದಳು. ಕೋಲೂರಿ ಎದ್ದು ನಿಂತಳು. ಗೇಟಿನ ಹೊರಗೆ ಹೋಗುವವರು ನಿಂತು ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಕಾಯಿಲೆ ಬಿದ್ದದ್ದು ನಾನು ಟೀಚರೇ, ನನ್ನ ಬಂಗುಡೆ ಅಲ್ಲ. ಸರಿಯಾಗಿ ಚರ್ಚೆ ಮಾಡಿ!"